ಸ್ಟೀರಿಂಗ್ ನಡುಕ

ಒಬ್ಬನೇ ಆಸ್ಪತ್ರೆಗೆ ಹೊರಟ ಅಣ್ಣ ದಾರಿಯಲ್ಲೇ, ತನ್ನ ಹಳೆಯ ಜೀಪಿನಲ್ಲೇ ತೀರಿಕೊಂಡ. ಆಮೇಲೆ ಅದನ್ನು ನಾನು ಓಡಿಸತೊಡಗಿದೆ. ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಮೆಕ್ಯಾನಿಕ್ ಚಕ್ರಗಳ ಬ್ಯಾಲೆನ್ಸ್ ನೋಡಿದ, ಬೇರಿಂಗ್ ಬದಲಿಸಿದ. ನಡುಕ ಹೋಗಲಿಲ್ಲ. ಕೊನೆಗೆ ಎಂಜಿನ್ ಆರಿಸಿ, ಜೀಪನ್ನು ಕಲ್ಲುಗಳ ಮೇಲೆ ನಿಲ್ಲಿಸಿ, ಚಕ್ರಗಳನ್ನೇ ಬಿಚ್ಚಿದ. ನಾವಿಬ್ಬರೂ ನೋಡುತ್ತಿದ್ದಂತೆ ಸ್ಟೀರಿಂಗ್ ಮತ್ತೆ ನಡುಗಿತು. ಮುಟ್ಟಿ ನೋಡಿದೆ. ಮಟಮಟ ಮಧ್ಯಾಹ್ನದಲ್ಲೂ ಅದು ತಣ್ಣಗೆ, ಬೆವರಿದ ಹಾಗೆ ಒದ್ದೆಯಾಗಿತ್ತು.

"ಇದು ಗಾಡಿ ದೋಷ ಅಲ್ಲ ಸಾರ್. ಗುಜರಿಗೆ ಹಾಕಿಬಿಡಿ," ಎಂದ ಮೆಕ್ಯಾನಿಕ್.

ಅತ್ತಿಗೆ ಒಪ್ಪಲಿಲ್ಲ. "ಅವರನ್ನ ಮತ್ತೆ ಒಬ್ಬರನ್ನೇ ಎಲ್ಲಿಗೆ ಕಳಿಸ್ತೀಯಪ್ಪಾ?" ಎಂದರು.

ಈಗ ಅವರು ದಿನವಿಡೀ ಆ ಜೀಪಿನಲ್ಲಿ ಕೂತು ಸ್ಟೀರಿಂಗ್ ಹಿಡಿದುಕೊಂಡಿರುತ್ತಾರೆ. ಊಟಕ್ಕೆ ಕರೆದರೆ ತಿರುಗಿಯೂ ನೋಡದೆ, "ನಾನು ಕೈ ಬಿಟ್ಟರೆ ಮತ್ತೆ ನಡುಗ್ತಾರೆ," ಅನ್ನುತ್ತಾರೆ.