ಗವಾಕ್ಷಪುರದ ಕಂಬಳಿ ಪರದೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಗವಾಕ್ಷಪುರವೆಂಬ ರಾಜ್ಯವಿತ್ತು.

ಅಲ್ಲಿನವರಿಗೆ ತಮ್ಮ ಕಿಟಕಿಗಳ ಮೇಲೆ ಬಲು ಹೆಮ್ಮೆ. ಬೇರೆ ರಾಜ್ಯದವರು ಗೋಡೆ ಕಟ್ಟಿ ಅದರಲ್ಲಿ ಕಿಟಕಿ ಇಡುತ್ತಿದ್ದರು. ಇವರು ಕಿಟಕಿ ಕಟ್ಟಿ, ಅದು ಬೀಳದಿರಲೆಂದು ಪಕ್ಕದಲ್ಲಿ ಸ್ವಲ್ಪ ಗೋಡೆ ಇಡುತ್ತಿದ್ದರು. ಅರಮನೆಯ ಪೂರ್ವದ ಗಾಜಿನ ಕಿಟಕಿಯಂತೂ ಅಂಬಾರಿ ಹೊತ್ತ ಆನೆ ಹಾದುಹೋಗುವಷ್ಟು ದೊಡ್ಡದು. ಅದರ ಹಿಂದೆಯೇ ಹಿರಿಯ ರಾಣಿ ಹೊನ್ನಾಂಬೆಯ ಮಂಚ. ಬೆಳಗೆದ್ದು ಕಿಟಕಿಯಲ್ಲಿ ರಾಣಿಯ ಮುಖ ಕಂಡ ಮೇಲೆಯೇ ಪ್ರಜೆಗಳು ಒಲೆ ಹಚ್ಚುತ್ತಿದ್ದರು. ಆ ಊರಲ್ಲಿ ಪರದೆಯೇ ಇರಲಿಲ್ಲ. ಪರದೆ ಹಾಕುವವರು ಏನೋ ಬಚ್ಚಿಟ್ಟಿರುತ್ತಾರೆ ಎಂದು ಅವರ ನಂಬಿಕೆ. ಚಳಿಗಾಲದಲ್ಲಿ ಎಲ್ಲರೂ ಗಡಗಡ ನಡುಗುತ್ತಿದ್ದರು. ಆದರೆ ತಲೆಯೆತ್ತಿ ನಡುಗುತ್ತಿದ್ದರು.

ಉತ್ತರದ ಹಿಮಗುಹೆಯಲ್ಲಿ ತುಹಿನಕೇತು ಎಂಬ ಮಾಂತ್ರಿಕನಿದ್ದ. ಅವನದೊಂದು ಹಿಮದ ಬಿಳಿ ಕೊಕ್ಕರೆ. ಉಳಿದ ಕೊಕ್ಕರೆಗಳು ಮೀನು ತಿಂದರೆ ಇದು ಮನೆಯೊಳಗಿನ ಬಿಸಿಯನ್ನು ಕುಡಿಯುತ್ತಿತ್ತು. ಗಾಜು ಅದಕ್ಕೆ ನೀರಿದ್ದಂತೆ. ಸರಾಗವಾಗಿ ಇಳಿದು ಒಳಗೆ ಬರುತ್ತಿತ್ತು. ಚಳಿಗಾಲ ಶುರುವಾದೊಡನೆ ಮಾಂತ್ರಿಕ ತುಂಬಿದ ಸಭೆಗೆ ಬಂದು ಪಂಥ ಕಟ್ಟಿದ. ಕೊಕ್ಕರೆ ಮೂರು ಸಲ ಬರುತ್ತದೆ. ರಾಣಿಯ ಪಾದ ಬೆಚ್ಚಗಿರುವವರೆಗೆ ಜೀವವೂ ಸಿಂಹಾಸನವೂ ಅವಳದು. ಪೂರ್ತಿ ತಣ್ಣಗಾದ ಗಳಿಗೆ ಎರಡೂ ತನ್ನದು.

ಚಳಿಗೆ ಹೆದರಿ ಮಂಚ ಸರಿಸುವ ವಂಶ ತಮ್ಮದಲ್ಲ ಎಂದಳು ರಾಣಿ. ಸಭೆ ಚಪ್ಪಾಳೆ ತಟ್ಟಿತು. ಅದರಿಂದ ಸಭೆಯ ಕೈಯಾದರೂ ಬೆಚ್ಚಗಾಯಿತು.

ಮೊಮ್ಮಗಳು ಚಿತ್ರಾಂಗಿ ಮಾತ್ರ ತಟ್ಟಲಿಲ್ಲ. ದಿನವೂ ಅಜ್ಜಿಯ ಕಾಲೊತ್ತುವವಳು ಅವಳು. ಆ ಪಾದಗಳಲ್ಲಿ ಎಷ್ಟು ಬಿಸಿ ಉಳಿದಿದೆಯೆಂದು ಅವಳ ಅಂಗೈಗೆ ಗೊತ್ತಿತ್ತು. ತಂದೆತಾಯಿ ಇಲ್ಲದ ಅವಳಿಗೆ ಇದ್ದದ್ದು ಆ ಅಜ್ಜಿ ಒಬ್ಬಳೇ. ಕಿಟಕಿಗೆ ಪರದೆ ಕಟ್ಟಿಸುತ್ತೇನೆ ಎಂದಳು.

ಮಂತ್ರಿ ನೀತಿಧರ ಕಿವಿ ಮುಚ್ಚಿಕೊಂಡ. ಬಹಳ ಚರ್ಚೆಯಾಗಿ, ಕಟ್ಟುವುದೇ ಆದರೆ ಆಚೆಯಿಂದ ರಾಣಿ ಕಾಣುವಂಥ ಪರದೆ ಇರಲಿ ಎಂದು ಒಪ್ಪಿದ. ಜೇಡರ ಬಲೆಯಂಥ ರೇಷ್ಮೆ ಇಳಿಬಿಟ್ಟರು. ಸಂಜೆ ಕೊಕ್ಕರೆ ಬಂತು, ರೇಷ್ಮೆಯನ್ನು ಗಮನಿಸಲೂ ಇಲ್ಲ. ಅಗ್ಗಿಷ್ಟಿಕೆಯ ಬಿಸಿಯನ್ನೆಲ್ಲ ಕುಡಿದು ಹೋಯಿತು. ಅಜ್ಜಿಯ ಕಾಲ್ಬೆರಳುಗಳು ತಣ್ಣಗಾದವು.

ಎರಡನೆಯ ಸಲಕ್ಕೆ ಚಿತ್ರಾಂಗಿ ದಪ್ಪ ಕಂಬಳಿ ತರಿಸಿದಳು. ಆದರೆ ಕಿಟಕಿಯ ಕೆಳಗೆ ಕೆತ್ತನೆಯ ನವಿಲುಗಳಿದ್ದವು. ಅವನ್ನು ಮುಚ್ಚಿದರೆ ರಾಜ್ಯದ ಮಾನ ಹೋದಂತೆ ಎಂದು ಮಂತ್ರಿ ಕಂಬಳಿಯನ್ನು ಮೊಣಕಾಲೆತ್ತರದಲ್ಲೇ ನಿಲ್ಲಿಸಿದ. ಮೇಲೂ ಸಂದು ಉಳಿಯಿತು. ಕೊಕ್ಕರೆ ಪರದೆಯ ಹಿಂದೆ ಆರಾಮವಾಗಿ ನಿಂತಿತು. ಕೋಣೆಯ ಬಿಸಿ ಮೇಲಿನ ಸಂದಿನಿಂದ ಅದರ ಕೊಕ್ಕಿಗೇ ಇಳಿಯಿತು. ಕೆಳಗಿನಿಂದ ಚಳಿ ಹೊಳೆಯಂತೆ ಹರಿದು ಬಂತು. ಅಜ್ಜಿಯ ಹಿಮ್ಮಡಿಯಲ್ಲಿ ಮಾತ್ರ ಒಂದಿಷ್ಟು ಬಿಸಿ ಉಳಿಯಿತು.

ಮರುದಿನ ತುಹಿನಕೇತು ಬಂದು ಸುತ್ತ ನೋಡಿ, "ನವಿಲು ಚೆನ್ನಾಗಿವೆ. ಯಾರು ಕೆತ್ತಿದ್ದು?" ಎಂದು ಕೇಳಿ ಹೋದ.

ಚಿತ್ರಾಂಗಿ ನೆಲ ಮುಟ್ಟುವ ಪರದೆ ಬೇಕೆಂದಳು.

"ಅಮ್ಮಣ್ಣೀ, ನವಿಲು ಮುಚ್ಚಿಹೋದರೆ ಬಂದವರು ಏನನ್ನು ನೋಡಬೇಕು?" ಎಂದ ಮಂತ್ರಿ.

"ನಮ್ಮಜ್ಜಿಯನ್ನು ನೋಡಲಿ. ಬದುಕಿರುವ ಅಜ್ಜಿಯನ್ನು."

ಅಷ್ಟು ದೊಡ್ಡ ಪರದೆಗೆ ಅರಮನೆಯ ಕಂಬಳಿ ಸಾಲಲಿಲ್ಲ. ಸುದ್ದಿ ತಿಳಿದ ಪ್ರಜೆಗಳು ತಾವು ಹೊದೆಯುವ ಕಂಬಳಿಗಳನ್ನೇ ತಂದು ರಾಶಿ ಹಾಕಿದರು. ನಿಮಗೆ ಚಳಿಯಾಗದೆ ಎಂದು ಕೇಳಿದರೆ, ಹಲ್ಲು ಕಟಕಟಿಸುತ್ತಲೇ, ತಮಗೆ ಯಾಕೋ ಸೆಖೆ ಎಂದರು. ಗವಾಕ್ಷಪುರದವರು ಅಂದರೆ ಹಾಗೆ. ಚಿತ್ರಾಂಗಿ ಎಲ್ಲವನ್ನೂ ಸೇರಿಸಿ ಹೊಲಿಸಿದಳು, ಮೇಲೆ ಹಲಗೆ ಹೊಡೆಸಿದಳು, ಹೊತ್ತು ಮುಳುಗುತ್ತಲೇ ಎಳೆದು ಅಂಚುಗಳನ್ನು ಗೋಡೆಗೆ ಬಿಗಿಸಿದಳು.

ಕೊಕ್ಕರೆ ಬಂತು. ಗಾಜು ದಾಟಿತು, ಕಂಬಳಿ ದಾಟಲಾಗಲಿಲ್ಲ. ಮೇಲೆ ಕುಕ್ಕಿತು, ಪಕ್ಕಕ್ಕೆ ಕುಕ್ಕಿತು, ಕೆಳಗೆ ಕುಕ್ಕಿತು. ಬರಿಹೊಟ್ಟೆಯಲ್ಲಿ ಹಿಂತಿರುಗಲು ಮಾಂತ್ರಿಕನ ಮಂತ್ರ ಅದಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ. ಗಾಜಿಗೂ ಕಂಬಳಿಗೂ ನಡುವೆ ಬೆಳಗಾಗುವವರೆಗೆ ಒಂಟಿಕಾಲಲ್ಲಿ ನಿಂತಿತು.

ಬೆಳಗಾದಾಗ ಮಂತ್ರಿ ಪರದೆಯ ಪರಮಭಕ್ತನಾಗಿದ್ದ. ಇದನ್ನು ಇನ್ನು ಎಂದೆಂದಿಗೂ ತೆರೆಯಬಾರದು, ತೆರೆದರೆ ಕೊಕ್ಕರೆ ಒಳನುಗ್ಗುತ್ತದೆ ಎಂದ. ಆದರೆ ಅಗ್ಗಿಷ್ಟಿಕೆ ಬೂದಿಯಾಗಿತ್ತು, ಕತ್ತಲಕೋಣೆ ಆರುತ್ತಿತ್ತು. ಚಿತ್ರಾಂಗಿಯ ಅಂಗೈಯಲ್ಲಿ ಅಜ್ಜಿಯ ಹಿಮ್ಮಡಿ ನಿಧಾನವಾಗಿ ತಣ್ಣಗಾಗತೊಡಗಿತು. ಆಚೆ ಬಿಸಿಲು ಇನ್ನೇನು ಕಿಟಕಿಗೆ ಬೀಳುವುದರಲ್ಲಿತ್ತು. ಸರಿಸಿದರೆ ಕೊಕ್ಕರೆ, ಬಿಟ್ಟರೆ ಚಳಿ. ಅವಳು ಪರದೆ ಹಿಡಿದು ಅಜ್ಜಿಯತ್ತ ತಿರುಗಿದಳು.

"ಸರಿಸು ಕೂಸೇ," ಎಂದಳು ಹೊನ್ನಾಂಬೆ. "ಊರು ಒಲೆ ಹಚ್ಚದೆ ಕಾಯ್ತಿದೆ."

ಚಿತ್ರಾಂಗಿ ಪರದೆ ಸರಿಸಿದಳು. ಅಷ್ಟಗಲ ಗಾಜಿನಿಂದ ಅಷ್ಟೂ ಬಿಸಿಲು ಒಮ್ಮೆಗೇ ಒಳಬಂತು. ಕೊಕ್ಕರೆ ಎತ್ತಿದ್ದ ಕಾಲನ್ನು ಇಳಿಸುವಷ್ಟರಲ್ಲಿ ಕರಗಿ ನೀರಾಯಿತು. ಅದು ಅದುವರೆಗೆ ಕುಡಿದಿದ್ದ ಬಿಸಿಯೆಲ್ಲ ಹೊರಬಂದು ಮನೆಮನೆಗೆ ಹಂಚಿಹೋಯಿತು. ಅಜ್ಜಿಯ ಹಿಮ್ಮಡಿ ಬೆಚ್ಚಗಾಯಿತು, ಬೆರಳು ಬೆಚ್ಚಗಾದವು. ತುಹಿನಕೇತುವಿನ ಮಂತ್ರ ಇಳಿದು, ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವನಿಗೆ ಚಳಿಯಾಯಿತು. ಸೀನುತ್ತಾ ಬಂದು ಕಂಬಳಿ ಕೇಳಿದ. ಕೊಟ್ಟರು, ಜೊತೆಗೆ ಕೆಲಸವನ್ನೂ ಕೊಟ್ಟರು: ಸಂಜೆ ಪರದೆ ಎಳೆಯುವುದು, ಬೆಳಗ್ಗೆ ಸರಿಸುವುದು.

ಆಮೇಲೆ ಗವಾಕ್ಷಪುರದವರೆಲ್ಲ ಬೆಚ್ಚಗೆ, ಸುಖವಾಗಿ ಬಾಳಿದರು. ಹೊನ್ನಾಂಬೆ ಇನ್ನೆಷ್ಟೋ ಚಳಿಗಾಲ ರಾಜ್ಯ ಆಳಿದಳು. ಚಿತ್ರಾಂಗಿ ಪಟ್ಟಕ್ಕೆ ಬರುವಷ್ಟರಲ್ಲಿ ಅವಳ ತಲೆಯೂ ನರೆತಿತ್ತು. ಇಷ್ಟು ತಡವಾಗಿ ಪಟ್ಟವೇರಿದ ರಾಣಿ ಸುತ್ತಲ ಯಾವ ರಾಜ್ಯದಲ್ಲೂ ಇಲ್ಲವೆಂದು ಅವಳು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು.