ಶಂಖದ ಬೆರಳು, ಚಕ್ರದ ಬೆರಳು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣುನಾಡು ಎಂಬ ರಾಜ್ಯವಿತ್ತು. ಅಲ್ಲಿ ಮಡಕೆ ಮಾಡುವ ಒಬ್ಬಾಕೆಗೆ ಅವಳಿ ಮಕ್ಕಳು: ಅಣ್ಣ ತಿರುಮ, ತಮ್ಮ ದ್ಯಾವ. ಒಂದೇ ಬೀಜ ಒಡೆದು ಎರಡಾದವರು. ಹೆತ್ತವಳೇ ಒಬ್ಬನಿಗೆ ಎರಡು ಸಲ ಉಣಿಸಿ ಇನ್ನೊಬ್ಬನನ್ನು ಉಪವಾಸ ಕೆಡವಿದ್ದುಂಟು ಅಂದರೆ ನೋಡಿ.

ಆ ನಾಡನ್ನು ಕಾಡುತ್ತಿದ್ದವನು ಕರಿಗಣ್ಣ ಎಂಬ ಮಾಂತ್ರಿಕ. ವರ್ಷಕ್ಕೊಬ್ಬ ಹುಡುಗ ಅವನಿಗೆ ಆಳಾಗಿ ಹೋಗಬೇಕು. ಚೀಟಿಯಲ್ಲಿ ಹೆಸರು ಬಂದವನು ಹಸಿಮಣ್ಣಿನ ಬಿಲ್ಲೆಗೆ ಹೆಬ್ಬೆರಳು ಒತ್ತಬೇಕು. ಆ ಬಿಲ್ಲೆಗಳ ಮಾಲೆಯೇ ಕರಿಗಣ್ಣನ ಶಕ್ತಿ. ಹೆಸರು ಒಬ್ಬನದು, ಬೆರಳು ಇನ್ನೊಬ್ಬನದು ಎಂದು ರುಜುವಾತಾದರೆ ಮಾಲೆ ಪುಡಿಯಾಗುವುದು ಮಂತ್ರದ ಕಟ್ಟಳೆ.

ಆ ವರ್ಷ ತಿರುಮನ ಹೆಸರು ಬಂತು. ಅವನು ಹೊಟ್ಟೆನೋವೆಂದು ಚಾಪೆ ಹಿಡಿದ; ನನ್ನ ಹೆಸರು ಹೇಳಿ ನೀನೇ ಹೋಗು, ಯಾರಿಗೆ ಗೊತ್ತಾಗುತ್ತದೆ ಎಂದು ತಮ್ಮನನ್ನು ಪುಸಲಾಯಿಸಿದ. ದ್ಯಾವ ಅಣ್ಣನ ಹೆಸರು ಹೇಳಿ, ಬಿಲ್ಲೆಗೆ ಹೆಬ್ಬೆರಳು ಒತ್ತಿ ಹೋದ. ತಾಯಿ ಉಳಿದವನನ್ನು ದ್ಯಾವನೆಂದೇ ತಬ್ಬಿಕೊಂಡು, ಹೋದ ತಿರುಮನಿಗಾಗಿ ಅತ್ತಳು. ತನಗಾಗಿ ಹರಿದ ಕಣ್ಣೀರು ತನ್ನದೇ ಹೆಗಲನ್ನು ತೋಯಿಸಿದಾಗ, ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ತಿರುಮನಿಗೆ. ಬೆಳಗಾಗುತ್ತಲೇ ಕರಿಗಣ್ಣನಿದ್ದ ಬೆಟ್ಟ ಹತ್ತಿದ.

ಅಲ್ಲಿ ಹಿಂದಿನ ವರ್ಷಗಳಲ್ಲಿ ಆಳಾಗಿ ಹೋದ ಹುಡುಗರೆಲ್ಲ ಕಲ್ಲಾಗಿ ನಿಂತಿದ್ದರು. ಕಿವಿ ಮಾತ್ರ ಕೇಳುತ್ತಿತ್ತು. ಅವರೆದುರು ನಿಜ ಹೇಳಲು ನಾಲಗೆ ಏಳಲಿಲ್ಲ. ನಾನು ದ್ಯಾವ, ನನ್ನ ಅಣ್ಣನನ್ನು ಬಿಡು ಅಂದುಬಿಟ್ಟ.

ಕರಿಗಣ್ಣ ತಿರುಮನ ನೆರಳನ್ನೇ ಕತ್ತರಿಸಿ ಅದೇ ರೂಪದ ಹತ್ತಾರು ಹುಡುಗರನ್ನು ಮಾಡಿದ. ಅವರ ನಡುವೆ ನಿಜವಾದ ದ್ಯಾವನನ್ನು ಬಾಯಿ ಕಟ್ಟಿ ನಿಲ್ಲಿಸಿದ. ಮೂರು ಸಲ ಗುರುತಿಸಿದರೆ ಬಿಡುಗಡೆ. ಒಮ್ಮೆ ತಪ್ಪಿದರೂ ಇಬ್ಬರೂ ಕಲ್ಲು.

ಮೊದಲ ಸಲ ನೋಡಿದರೆ, ಒಬ್ಬನ ಎಡಹೆಗಲು ಕುಸಿದಿತ್ತು. ತಿರುಮ ತಪ್ಪಿಸಿಕೊಂಡಾಗಲೆಲ್ಲ ಮಣ್ಣಿನ ಬುಟ್ಟಿ ಏರಿದ್ದು ಆ ಹೆಗಲಿಗೆ. ತಲೆ ತಗ್ಗಿಸಿ ಅವನನ್ನೇ ತೋರಿಸಿದ. ಸರಿಯಾಗಿತ್ತು.

ಕರಿಗಣ್ಣ ಎಲ್ಲರ ಹೆಗಲನ್ನೂ ಕುಸಿಯುವಂತೆ ಮಾಡಿದ. ಎರಡನೆಯ ಸಲ ಕಿವಿಗೊಟ್ಟರೆ, ಒಬ್ಬನ ಎದೆ ಗೊರಗೊರ ಅನ್ನುತ್ತಿತ್ತು. ಮಡಕೆ ಸುಡುವ ಆವಿಗೆಯ ಹೊಗೆ ಕುಡಿದ ಎದೆ ಅದು. ಆಗೆಲ್ಲ ತಿರುಮ ಒಳಗೆ ಗೊರಕೆ ಹೊಡೆಯುತ್ತಿದ್ದ. ಮತ್ತೆ ತೋರಿಸಿದ, ಮತ್ತೆ ಸರಿ. ಆದರೆ ತಮ್ಮನ ಮೈಮೇಲಿನ ಗುರುತೆಲ್ಲ ತಾನೇ ಬರೆದದ್ದೆಂದು ಅವನಿಗೆ ಅಳು ಬಂತು.

ಮೂರನೆಯ ಸಲ ಎಲ್ಲರ ಎದೆಯೂ ಗೊರಗುಟ್ಟಿತು. "ಒಂದೇ ಬೀಜ ಕಣೋ," ಎಂದು ಕರಿಗಣ್ಣ ನಕ್ಕ, "ಇನ್ನೇನು ಉಳಿದಿದೆ ವ್ಯತ್ಯಾಸ?"

ನಕ್ಕಾಗ ಮಾಲೆಯ ಹೊಸ ಬಿಲ್ಲೆ ಅಲುಗಿತು. ಅದರಲ್ಲಿದ್ದದ್ದು ಶಂಖದ ಗೆರೆ. ತಿರುಮ ತನ್ನ ಹೆಬ್ಬೆರಳು ನೋಡಿಕೊಂಡ: ಚಕ್ರ. ಬೆರಳೂ ಒಂದೇ ಇರಬೇಕೆಂದು ನಂಬಿದ್ದ ಅವನು. ತಾಯ ಹೊಟ್ಟೆಯಲ್ಲಿ ಒಬ್ಬ ಈ ಮಗ್ಗುಲು, ಒಬ್ಬ ಆ ಮಗ್ಗುಲು ಮಲಗಿದ್ದಾಗಲೇ ಮೂಡಿದ ಗೆರೆ. ಅದೊಂದು ಮಾತ್ರ ಅವನು ಬರೆದದ್ದಲ್ಲ.

ಕಲ್ಲುಗಳು ಕೇಳುತ್ತಿದ್ದವು. ಕೇಳಲಿ ಎಂದುಕೊಂಡ.

"ಆ ಬಿಲ್ಲೆ ತಿರುಮನ ಹೆಸರಿನದು. ತಿರುಮ ನಾನು. ಬೆರಳು ನನ್ನ ತಮ್ಮನದು. ಹೆದರಿ ಅವನನ್ನು ಕಳಿಸಿದೆ."

ಹೆಬ್ಬೆರಳು ಎತ್ತಿ ಹಿಡಿದ. ಮಾಲೆ ಪುಡಿಯಾಯಿತು, ಕರಿಗಣ್ಣ ಹೊಗೆಯಾದ, ಕಲ್ಲುಗಳು ಹುಡುಗರಾದವು. ನೆರಳುಗಳು ತಿರುಮನ ಕಾಲಡಿಗೆ ಹರಿದುಬಂದವು. ಒಬ್ಬನೇ ಉಳಿದ, ಬಾಯಿಯ ಕಟ್ಟೂ ಬಿಚ್ಚಿಹೋಗಿತ್ತು.

"ಹೊಟ್ಟೆನೋವು ವಾಸಿಯಾಯ್ತೇನಣ್ಣ?" ಅಂದ ದ್ಯಾವ.

ತಿರುಮ ಆ ಕುಸಿದ ಹೆಗಲಲ್ಲಿ ಮುಖ ಹುದುಗಿಸಿದ.

ಅಂದಿನಿಂದ ನಾಡೆಲ್ಲ ನೆಮ್ಮದಿಯಾಗಿ ಉಂಡು ಮಲಗಿತು. ಮಣ್ಣು ಹೊತ್ತು ಹೊತ್ತು ತಿರುಮನ ಹೆಗಲೂ ಕುಸಿದು, ಇಬ್ಬರನ್ನೂ ಜನ ಮತ್ತೆ ಅದಲುಬದಲು ಮಾಡತೊಡಗಿದರು. ಯಾರಾದರೂ ಅವನನ್ನು ದ್ಯಾವನೆಂದು ಹೊಗಳಿದರೆ ಸಾಕು, ಬುಟ್ಟಿ ಇಳಿಸಿ ಚಕ್ರದ ಬೆರಳು ತೋರಿಸುತ್ತಿದ್ದ: "ನಾನು ತಿರುಮ. ಹೋಗದೆ ಉಳಿದವನು."