ಕಿವಿಯುಳ್ಳ ಒಲೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಕೆಂಡಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಏನೇ ಕೊಂಡರೂ ಮಾರುವವನ ಷರತ್ತು ಕೇಳಿ "ಒಪ್ಪಿದೆ" ಎನ್ನುವುದು ಪದ್ಧತಿ. ಧೂಮಾಕ್ಷನೆಂಬ ಮಾಂತ್ರಿಕ ಸೌದೆಯಿಲ್ಲದೆ ಉರಿಯುವ ಒಲೆಗಳನ್ನು ಮಾರಲು ತಂದ. ಅವನ ಗಿಳಿ ಷರತ್ತು ಹೇಳತೊಡಗಿದರೆ ಮುಗಿಯುತ್ತಲೇ ಇರಲಿಲ್ಲ. ಮನೆಯಲ್ಲಿ ಮಕ್ಕಳು ಹಸಿದಿರುವಾಗ ಯಾರು ನಿಂತು ಕೇಳುತ್ತಾರೆ? ಎಲ್ಲರೂ ನಡುವೆಯೇ "ಒಪ್ಪಿದೆ" ಎಂದು ಒಲೆ ಹೊತ್ತುಕೊಂಡು ಹೋದರು. ಸಾಂತವ್ವ ಎಂಬ ವಿಧವೆಯೂ ಹಾಗೇ ಮಾಡಿದಳು, ಪಾಪ.

ಆ ಒಲೆಗೆ ಕಿವಿಯಿತ್ತು. ಮನೆಯ ಮಾತನ್ನೆಲ್ಲ ಕೇಳಿ ಮಾಂತ್ರಿಕನಿಗೆ ಮುಟ್ಟಿಸುತ್ತಿತ್ತು. ಅವನು ಅದನ್ನು ವ್ಯಾಪಾರಿಗಳಿಗೆ ಮಾರುತ್ತಿದ್ದ. ಒಂದು ಸಂಜೆ ಸಾಂತವ್ವನ ಮಗಳು ಚೆನ್ನಿ ತನ್ನ ಮನಸ್ಸಿಗೆ ಬಂದ ಹುಡುಗನ ಹೆಸರನ್ನು ತಾಯಿಗೆ ಪಿಸುಗುಟ್ಟಿದಳು. ಮರುದಿನ ಸಂತೆಯಲ್ಲಿ ಬಳೆಗಾರ ಅದೇ ಹೆಸರು ಹೇಳಿ ಬಳೆ ತೋರಿಸಿದ, ಸೀರೆಯವನು ಅದೇ ಹೆಸರು ಹೇಳಿ ಸೀರೆ ತೋರಿಸಿದ. ಊರೆಲ್ಲ ನಕ್ಕಿತು. ಅಂದಿನಿಂದ ಚೆನ್ನಿ ಮಾತೇ ಬಿಟ್ಟಳು.

ಆ ಹೆಸರು ಪಿಸುಗುಟ್ಟಿದಾಗ ಅಲ್ಲಿ ಒಲೆಯೊಂದೇ ಇತ್ತೆಂದು ಸಾಂತವ್ವನಿಗೆ ಹೊಳೆಯಿತು. ಒಲೆಗೆ ನೀರು ಸುರಿದಳು, ಆರಲಿಲ್ಲ. ಒಡೆಯಲು ಹೋದಳು, ಕೈ ಸುಟ್ಟಿತು. ಹೊರಗೆಸೆದಳು, ತಿರುಗಿ ಬಂದು ಅಡುಗೆಮನೆಯಲ್ಲೇ ಕೂತಿತು. ಸಾಕುಸಾಕಾಗಿ ಮಾಂತ್ರಿಕನ ಕೋಟೆಗೆ ನಡೆದಳು.

"ಕೊಂಡುಕೊಂಡ ಒಲೆ ನನ್ನದಲ್ಲವೇನಪ್ಪ?" ಎಂದು ಕೇಳಿದಳು.

"ಉರಿ ನಿನ್ನದು, ಒಲೆ ನನ್ನದು. ನೀನೇ ಒಪ್ಪಿದ್ದೀಯ," ಎಂದ ಧೂಮಾಕ್ಷ. ಬೇಡವೆನ್ನಬೇಕಾದರೆ ಷರತ್ತನ್ನೆಲ್ಲ ಕೂತು ಕೇಳಬೇಕು, ನಡುವೆ ಕಣ್ಣು ಮುಚ್ಚಿದರೆ ಕಲ್ಲಾಗುತ್ತೀಯ ಎಂದೂ ಹೇಳಿದ.

ಮೊದಲು ಗಿಳಿ ಹೇಳಿತು. ಸಾಂತವ್ವನ ಬೆನ್ನು ನೊಂದಿತು. "ಒಪ್ಪಿದೆ ಅನ್ನು, ಮನೆಗೆ ಹೋಗು," ಎಂದಿತು ಗಿಳಿ. ಅವಳು ಅನ್ನಲಿಲ್ಲ. ಆಮೇಲೆ ಮಾಂತ್ರಿಕನ ಹುಲಿ ಮುಂದಿನ ಷರತ್ತು ಹೇಳಿತು. ಅವಳ ಕಣ್ಣುಗಳು ಉರಿದವು. ಒಪ್ಪಿಬಿಡು ಎಂದು ಹುಲಿ ಗುರುಗುಟ್ಟಿದರೂ ಅವಳು ಒಪ್ಪಲಿಲ್ಲ. ಕೊನೆಗೆ ಆಮೆ ಬಂತು. ಅದು ಒಂದು ಮಾತು ಹೇಳಿ ಇನ್ನೊಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

"ಇಷ್ಟು ದಣಿದಿದ್ದೀಯ, ಯಾಕೆ ಈ ಪಾಡು?" ಎಂದ ಮಾಂತ್ರಿಕ.

"ಮಗಳು ಮಾತಾಡದ ಮನೆಯಲ್ಲಿ ಇದ್ದು ಬಂದವಳು ನಾನು. ನೀನು ಇನ್ನೇನು ದಣಿಸ್ತೀಯಪ್ಪ," ಎಂದಳು ಸಾಂತವ್ವ.

ಮಾಟ ಮಾಡಿದವನು ಅದು ಮುರಿಯುವ ಬಗೆಯನ್ನೂ ಹೇಳಲೇಬೇಕು, ಅದು ಮಾಟದ ಕಟ್ಟಳೆ. ಧೂಮಾಕ್ಷ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದ. ಎಲ್ಲವನ್ನೂ ಕೇಳಿ ಯಾರಾದರೊಬ್ಬರು ಒಲ್ಲೆ ಎಂದರೆ ಮಾಟ ಮುಗಿಯಿತು ಎಂದಿತು ಆಮೆ. ಅಲ್ಲಿಯತನಕ ಯಾರೂ ಕೇಳಿರಲೇ ಇಲ್ಲ.

"ಒಲ್ಲೆ," ಎಂದಳು ಸಾಂತವ್ವ.

ಮಾಂತ್ರಿಕ ಹೊಗೆಯಾಗಿ ಹೋದ. ಊರಿನ ಒಲೆಗಳೆಲ್ಲ ಕಿವುಡಾದವು, ಆರಿಯೂ ಹೋದವು. ಜನ ಅವಳನ್ನು ಬೈದುಕೊಂಡೇ ಸೌದೆಗೆ ಹೊರಟರು. ಬರಬರುತ್ತಾ ಅದೂ ರೂಢಿಯಾಯಿತು. ಬಾಯಿಬಿಟ್ಟು ಮಾತಾಡುತ್ತಾ, ಜಗಳವಾಡುತ್ತಾ, ನೆಮ್ಮದಿಯಾಗಿ ಉಂಡು ಮಲಗಿದರು.

ಸಾಂತವ್ವ ಮನೆಗೆ ಬಂದು ಗೋಡೆಗೊರಗಿದಳು. ಚೆನ್ನಿ ತಾಯಿಯ ಕಾಲೊತ್ತುತ್ತಾ ಮೆಲ್ಲಗೆ ಏನೋ ಹೇಳಿದಳು. ತಾಯಿ ನಕ್ಕಳು. ಏನು ಹೇಳಿದಳೆಂದು ನನ್ನನ್ನು ಕೇಳಬೇಡಿ. ಅದು ಅವರಿಬ್ಬರಿಗೇ ಗೊತ್ತು.